ಎತ್ತರದ ಹಲ್ಲು

ಟಿ.ವಿ. ಪರದೆಯ ಮೇಲೆ ಮತ್ತೆ ಆ ಚಕ್ರ ಬಂತು. ಧಾರಾವಾಹಿಯ ಹಿರಿಸೊಸೆ ಬಾಗಿಲ ಚಿಲಕಕ್ಕೆ ಚಾಚಿದ ಕೈ ಚಾಚಿದಂತೆಯೇ ನಿಂತಿತು, ಬಾಯಿ ಅರ್ಧ ತೆರೆದಂತೆಯೇ ಉಳಿಯಿತು. ಅವಳ ಮೂಗಿನ ಮೇಲೆ ಬಿಳಿಯ ಚಕ್ರವೊಂದು ತನ್ನ ಬಾಲವನ್ನು ತಾನೇ ಅಟ್ಟಿಸಿಕೊಂಡು ಹೋಗುವ ಹಾವಿನ ಮರಿಯ ಹಾಗೆ ಗಿರಗಿರ ಸುತ್ತತೊಡಗಿತು.

ಮೊಣಕಾಲಿಗೆ ಬಿಸಿನೀರಿನ ಚೀಲ ಒತ್ತಿಕೊಂಡು ಸೋಫಾದಲ್ಲಿ ಒರಗಿದ್ದ ಅತ್ತೆ, ಬಂತಲ್ಲ ಗಾಣದೆತ್ತು, ಎಂದರು. ಆ ಬಾಗಿಲ ಹಿಂದೆ ಯಾರಿದ್ದಾರೆಂದು ತಿಳಿಯದೆ ತಾನು ಕಣ್ಣು ಮುಚ್ಚಿದರೆ ಪಾಪವೆಲ್ಲ ಇಂಟರ್ನೆಟ್ಟಿನಿಂದ ಧಾರಾವಾಹಿ ತರಲೆಂದು ಟಿ.ವಿ.ಯ ಬೆನ್ನಿಗೆ ಸಿಕ್ಕಿಸಿದ ಆ ಕಡ್ಡಿಗೇ ಸುತ್ತಿಕೊಳ್ಳುತ್ತದೆ ಎಂದೂ ಸೇರಿಸಿದರು.

ಅತ್ತೆಯ ಸೊಸೆಗೆ ಅಂದು ವಾರದ ರಜೆ. ಅವಳಿಗೆ ಅವಳ ಅಜ್ಜಿ ಇಟ್ಟ ಹೆಸರು ಕನಸಿ. ಕತೆ ಹೇಳುತ್ತಿದ್ದಾಗ ಉಳಿದ ಮಕ್ಕಳು ನಿದ್ದೆ ಹೋದರೆ ಇವಳು ಕಣ್ಣು ಬಿಟ್ಟುಕೊಂಡೇ ಕನಸು ಕಾಣುತ್ತಿದ್ದಳಂತೆ. ಅದೇ ಹೆಸರು ಮದುವೆಯಾದ ಮೇಲೂ ಬೆನ್ನು ಹತ್ತಿ ಬಂದಿತ್ತು. ಕೃತಕ ಹಲ್ಲು ತಯಾರಿಸುವ ಕಾರ್ಯಾಗಾರವೊಂದರಲ್ಲಿ ಅವಳ ಕೆಲಸ. ಮೇಣದಲ್ಲಿ ಹಲ್ಲು ಕೆತ್ತುವುದು, ಪಿಂಗಾಣಿಗೆ ಬಣ್ಣ ಹೊಂದಿಸುವುದು, ಯಾರೋ ಕಾಣದವರ ಬಾಯಿಗೆ ನಗು ಕೂರಿಸುವುದು. ಇನ್ನು ನಾಲ್ಕೈದು ದಿನದಲ್ಲಿ ಆ ಕೆಲಸವೂ ಮುಗಿಯಲಿತ್ತು. ಬೆಟ್ಟ ಕೊರೆಯುವ ಯಂತ್ರ ನಡೆಸುವ ಗಂಡ ದೂರದ ಸುರಂಗದ ಕೆಲಸದಲ್ಲಿದ್ದ. ಭಾನುವಾರ ಬಂದು ಅವಳನ್ನು ಅಲ್ಲಿನ ಕ್ವಾರ್ಟರ್ಸಿಗೆ ಕರೆದುಕೊಂಡು ಹೋಗುವವನಿದ್ದ. ಅತ್ತೆ ಮಗಳ ಮನೆಗೆ ಹೋಗುವುದೆಂದು ಮಾತಾಗಿತ್ತು. ಕಾರ್ಯಾಗಾರದ ಯಜಮಾನರಿಗೆ ಮಾತ್ರ ಕನಸಿ ಇನ್ನೂ ಕೊನೆಯ ಮಾತು ಹೇಳಿರಲಿಲ್ಲ. ಇವತ್ತು ಸಂಜೆಯೊಳಗೆ ಹೇಳುತ್ತೇನೆ ಎಂದಿದ್ದಳು.

ಹೇಳುವುದು ಕಷ್ಟವೇನಲ್ಲ ಎಂದು ಅವಳಿಗೆ ಅನ್ನಿಸಿತ್ತು. ಕೆಲಸ ಬಿಡಲು ಮನಸ್ಸಿಲ್ಲದಿದ್ದ ದಿನಗಳೂ ಇದ್ದವು, ನಿಜ. ಆದರೆ ಗಂಡನ ವಿಷಯದಲ್ಲಿ ಅವಳು ಯಾರಿಗೂ ಹೇಳಿಕೊಳ್ಳದ ಒಂದು ಗುಟ್ಟಿತ್ತು. ಅಜ್ಜಿಯ ಕತೆಯಲ್ಲೊಬ್ಬ ರಾಜಕುಮಾರ ಏಳು ಕಡಲಾಚೆ ಕೂತು ಹರಿವಾಣದ ನೀರಿನಲ್ಲಿ ತನ್ನವಳ ಮುಖ ನೋಡುತ್ತಿದ್ದ. ಅವಳು ಅತ್ತರೆ ಅವನ ಹರಿವಾಣದ ನೀರು ಕಲಕುತ್ತಿತ್ತು. ಇವಳ ಗಂಡನೂ ಹಾಗೆಯೇ. ಟೀ ಲೋಟ ಹಿಡಿದು ಕೂತ ಗಳಿಗೆಗೆ ಸರಿಯಾಗಿ ಫೋನ್ ಮಾಡುತ್ತಿದ್ದ. ಹಸಿರು ಸ್ವೆಟರ್ ಹಾಕಿದ ದಿನವೇ, ಯಾಕೋ ನಿನ್ನನ್ನು ಹಸಿರು ಬಣ್ಣದಲ್ಲಿ ನೆನೆಸಿಕೊಂಡೆ ಅನ್ನುತ್ತಿದ್ದ. ಕೈ ಸುಟ್ಟುಕೊಂಡಿದ್ದನ್ನು ಅವಳು ಹೇಳದೆ ಮುಚ್ಚಿಟ್ಟರೂ, ಕೈ ಹೇಗಿದೆ ಎಂದು ಕೇಳಿದ್ದ. ಅತ್ತೆ ಹೇಳಿರಬೇಕು ಎಂದುಕೊಂಡು ವಿಚಾರಿಸಿದರೆ, ಅತ್ತೆಗೆ ಕೈ ಸುಟ್ಟದ್ದೇ ಗೊತ್ತಿರಲಿಲ್ಲ. ಅಂಥವನ ಹತ್ತಿರ ಹೋಗಲು ಹಿಂದೆಮುಂದೆ ನೋಡುವುದುಂಟೆ?

ಟಿ.ವಿ.ಯ ಚಕ್ರ ಇನ್ನೂ ಸುತ್ತುತ್ತಲೇ ಇತ್ತು. ಕನಸಿ ಸೆರಗಿಲ್ಲದಿದ್ದರೂ ಸೊಂಟ ಕಟ್ಟಿ ನಿಂತಳು. ಕಡ್ಡಿಯನ್ನು ಕಿತ್ತು ಮತ್ತೆ ಸಿಕ್ಕಿಸಿದಳು. ರೂಟರ್ ಆರಿಸಿ, ಉಸಿರು ಬಿಗಿಹಿಡಿದು, ಹಚ್ಚಿದಳು. ಅದರ ಮಿಣುಕು ದೀಪ ಕಣ್ಣಿಗೆ ಚುಚ್ಚುತ್ತದೆಂದು ಅತ್ತೆ ಅದನ್ನು ಚಪ್ಪಲಿ ಗೂಡಿನೊಳಗೆ ತುರುಕಿದ್ದರು. ಅಲ್ಲಿಂದ ಹೊರತೆಗೆದು ಮೇಜಿನ ಮೇಲೆ ಇಟ್ಟಳು. ಕಡ್ಡಿಯ ಹೊಟ್ಟೆಯಲ್ಲಿ ಸೇರಿದ್ದ ಹಳೆಯ ಕಸವನ್ನೆಲ್ಲ ಅಳಿಸಿದಳು. ಚಿತ್ರದ ಗುಣಮಟ್ಟವನ್ನು ಎಷ್ಟು ಇಳಿಸಿದಳೆಂದರೆ ಹಿರಿಸೊಸೆಯ ಮುಖ ಕಲಸಿದ ಹಿಟ್ಟಿನಂತಾಯಿತು. ಇದು ಯಾರು, ಮಾವನೋ ಸೊಸೆಯೋ, ಎಂದು ಅತ್ತೆ ಕೇಳಿದರು. ಹಿಟ್ಟಿನ ಮುಖದ ಮೇಲೂ ಚಕ್ರ ಬಂತು.

ಕೊನೆಗೆ ಸಹಾಯವಾಣಿಗೆ ಫೋನ್ ಮಾಡಿದಳು. ಆ ಕಡೆಯ ಹುಡುಗಿ, ಆರಿಸಿ ಹಚ್ಚಿದಿರಾ ಎಂದು ಬೇರೆ ಬೇರೆ ರಾಗದಲ್ಲಿ ಅದನ್ನೇ ಕೇಳಿದಳು. ಆಮೇಲೆ ಏನನ್ನೋ ಪರೀಕ್ಷಿಸಿ, ನಿಮ್ಮ ಮನೆಯವರೆಗೆ ಲೈನ್ ಚೆನ್ನಾಗಿಯೇ ಇದೆ, ಮನೆಯೊಳಗಿನ ಯಾವುದೋ ವಸ್ತು ಹಗಲಿಡೀ ಎಡೆಬಿಡದೆ ಹೊರಗೆ ಏನನ್ನೋ ಕಳಿಸುತ್ತಿದೆ, ಅದಕ್ಕೇ ಒಳಗೆ ಬರುವುದಕ್ಕೆ ದಾರಿ ಸಿಗುತ್ತಿಲ್ಲ, ಎಂದು ಹೇಳಿ ಶುಭದಿನ ಹಾರೈಸಿದಳು.

ಹೊರಗೆ ಕಳಿಸುವುದೆಂದರೇನು ಎಂದು ಕನಸಿಗೆ ಅರ್ಥವಾಗಲಿಲ್ಲ. ಆದರೆ ಒಂದು ಉಪಾಯ ಹೊಳೆಯಿತು. ಹೊಸ ಹಲ್ಲಿನ ಸಾಲು ಸರಿಯಾಗಿ ಕಚ್ಚದಿದ್ದರೆ ಕಾರ್ಯಾಗಾರದಲ್ಲಿ ಅವರು ಎಲ್ಲವನ್ನೂ ಉಜ್ಜಲು ಹೋಗುವುದಿಲ್ಲ. ಮೇಲಿನ ಕೆಳಗಿನ ದವಡೆಯ ಅಚ್ಚುಗಳ ನಡುವೆ ಬಣ್ಣ ಬಿಡುವ ನೀಲಿ ಕಾಗದ ಇಟ್ಟು ಕಚ್ಚಿಸುತ್ತಾರೆ. ಯಾವ ಹಲ್ಲಿನ ಮೇಲೆ ನೀಲಿ ಗಾಢವಾಗಿ ಕೂತಿತೋ ಅದೇ ಎತ್ತರದ ಹಲ್ಲು. ಅದೊಂದೇ ಇಡೀ ಬಾಯನ್ನು ತೆರೆದು ಹಿಡಿದಿರುತ್ತದೆ. ಮನೆಯನ್ನೂ ಹಾಗೆ ಕಚ್ಚಿಸಿ ನೋಡಿದರಾಯಿತು ಎಂದು, ಒಂದೊಂದೇ ವಸ್ತುವನ್ನು ಆರಿಸಿ ಧಾರಾವಾಹಿ ಓಡಿಸಿ ನೋಡತೊಡಗಿದಳು. ತನ್ನ ಫೋನ್. ಚಕ್ರ. ಅತ್ತೆಯ ಟ್ಯಾಬ್. ಚಕ್ರ. ಮಾತಾಡಿದರೆ ಹಾಡು ಹಾಕುವ ಡಬ್ಬಿ. ಚಕ್ರ.

ಉಳಿದಿದ್ದು ಟಿ.ವಿ. ಪಕ್ಕದ ಕಪಾಟಿನ ಮೇಲಿನ ಫೋಟೋ ಚೌಕಟ್ಟು. ಮದುವೆಯ ಬೆನ್ನಿಗೇ ಗಂಡ ಕೊಟ್ಟದ್ದು. ಅದರೊಳಗೆ ಅವರಿಬ್ಬರ ಫೋಟೋಗಳು ಒಂದರ ಹಿಂದೊಂದು ಬದಲಾಗುತ್ತಿದ್ದವು. ಆಗಾಗ ಅವನು ಅಲ್ಲಿಂದಲೇ ಹೊಸದೊಂದನ್ನು ಕಳಿಸುತ್ತಿದ್ದ. ಸುರಂಗದ ಬಾಯಿ, ಹೆಲ್ಮೆಟ್ಟಿನೊಳಗಿನ ನಗು. ಅದನ್ನು ಆರಿಸಲು ಕನಸಿಗೆ ಕೈ ಬರಲಿಲ್ಲ. ಒಳಗೆ ಬರುವ ನಾಲ್ಕು ಫೋಟೋ ಏನು ತಾನೇ ಮಾಡೀತು? ಆದರೂ ಲೆಕ್ಕಕ್ಕೆ ಇರಲಿ ಎಂದು ತಂತಿ ಕಿತ್ತಳು.

ಹಿರಿಸೊಸೆ ಬಾಗಿಲು ತೆರೆದಳು. ಒಳಗೆ ಹೋದಳು. ಮಾತಾಡಿದಳು, ಅತ್ತಳು, ಯಾರನ್ನೋ ತಬ್ಬಿಕೊಂಡಳು. ಚಕ್ರದ ಸುಳಿವೇ ಇಲ್ಲ. ಅತ್ತೆ ಎದ್ದು ಕೂತರು.

ಕನಸಿ ತಂತಿಯನ್ನು ಮತ್ತೆ ಚುಚ್ಚಿದಳು. ಸ್ವಲ್ಪ ಹೊತ್ತಿಗೆ ಚಕ್ರ ಬಂತು. ಮತ್ತೆ ಕಿತ್ತಳು. ಚಿತ್ರ ಓಡಿತು. ತಾನು ಏನನ್ನು ಕಂಡುಹಿಡಿದೆ ಎಂದು ಯೋಚಿಸುವ ಮೊದಲೇ ಫೋನ್ ಬಡಿದುಕೊಂಡಿತು. ಗಂಡ.

"ಏನೇ ಕನಸಿ, ಮನೇಲಿ ಕರೆಂಟ್ ಹೋಗಿ ಬಂದು ಮಾಡ್ತಿದೆಯಾ?"

ಅಭ್ಯಾಸಬಲದಿಂದ ಅವಳ ಎದೆ ಮೊದಲು ಅರಳಿತು. ನೋಡು, ಮತ್ತೆ ಇವನಿಗೆ ಗೊತ್ತಾಯಿತು. ಅರಳಿದ್ದು ಅರ್ಧಕ್ಕೇ ನಿಂತಿತು. ಕರೆಂಟ್ ಹೋಗಿರಲಿಲ್ಲ. ಹೋಗಿ ಬಂದದ್ದು ಆ ಚೌಕಟ್ಟೊಂದೇ.

ಸ್ವಲ್ಪ ಹಾಗೇ ಆಯ್ತು, ಈಗ ಬಂತು ಅಂದಳು. ತಂತಿ ಚುಚ್ಚಿದಳು. ಅವನು ಊಟದ ವಿಷಯ, ಅಲ್ಲಿನ ಧೂಳಿನ ವಿಷಯ ಹೇಳುತ್ತ ಹೋದ. ಅವಳು ಹ್ಞೂಂಗುಟ್ಟುತ್ತ ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಟೀ ಸೋಸುವ ಜಾಲರಿಯನ್ನು ತಂದಳು. ಇದು ಹುಚ್ಚಾಟ ಎಂದು ಅವಳಿಗೇ ಅನ್ನಿಸುತ್ತಿತ್ತು. ಏನೂ ಆಗಬಾರದು, ಏನೂ ಆಗುವುದಿಲ್ಲ, ಆಮೇಲೆ ತನ್ನ ಸಂಶಯಕ್ಕೆ ತಾನೇ ನಾಚಿಕೊಳ್ಳಬೇಕು ಎಂಬುದಷ್ಟೇ ಅವಳ ಆಸೆ. ಚೌಕಟ್ಟಿನ ಎದುರು ನಿಂತು, ಸದ್ದು ಮಾಡದೆ, ಜಾಲರಿಯನ್ನು ಕಿರೀಟದ ಹಾಗೆ ತಲೆಯ ಮೇಲೆ ಇಟ್ಟುಕೊಂಡಳು.

ಫೋನಿನಲ್ಲಿ ಗಂಡ ಕಿಸಕ್ಕನೆ ನಕ್ಕ.

ನಕ್ಕವನು ತಟ್ಟನೆ ನಿಲ್ಲಿಸಿದ. ಜಾಲರಿ ಜಾರಿ ನೆಲಕ್ಕೆ ಬಿತ್ತು. ಚೌಕಟ್ಟಿನ ಮೇಲಂಚಿನಲ್ಲಿ, ತಾನು ವಾರ ವಾರ ಧೂಳು ಒರೆಸುವ ಕಡೆ, ಎಳ್ಳಿನಷ್ಟು ಕಪ್ಪು ಚುಕ್ಕೆಯೊಂದು, ಕ್ಯಾಮೆರಾದ ಕಣ್ಣು, ಇರುವುದನ್ನು ಕನಸಿ ಈಗ ನೋಡಿದಳು. ಚುಕ್ಕೆ ಹೊಸದಲ್ಲ. ಅವಳು ನೋಡಿದ್ದು ಹೊಸದು.

"ಯಾವಾಗಿಂದ?" ಅಂದಳು.

ಅವನು ಸುಳ್ಳು ಹೇಳಲಿಲ್ಲ. ಕೊಟ್ಟ ದಿನದಿಂದ ಎಂದ. ಅದರಲ್ಲಿ ತಪ್ಪೇನಿದೆ, ಬೇರೆಯವರ ಮನೆಯೇ, ತನ್ನ ಮನೆ, ತನ್ನ ಹೆಂಡತಿ; ಎರಡು ಬಂಡೆಗಳ ನಡುವೆ ದಿನವೆಲ್ಲ ಕೂತು ಬಂದವನಿಗೆ ಅವಳು ಓಡಾಡುವುದನ್ನು ನೋಡಿದರೆ ಜೀವ ಬರುತ್ತದೆ; ಹೇಳಿದರೆ ನಾಚಿಕೊಂಡು ಸಹಜವಾಗಿ ಇರುವುದಿಲ್ಲ ಎಂದು ಹೇಳಲಿಲ್ಲ, ಅಷ್ಟೇ.

ಆ ಮಾತಿನಲ್ಲಿ ಪ್ರೀತಿಯೂ ಇತ್ತು. ಅದೇ ಅವಳನ್ನು ಹೆಚ್ಚು ಹೆದರಿಸಿತು. ಹಸಿರು ಸ್ವೆಟರ್, ಟೀ ಲೋಟ, ಸುಟ್ಟ ಕೈ. ಒಂದೊಂದಾಗಿ ಎಲ್ಲವೂ ಕಣ್ಣೆದುರು ಬಂದು ಬೇರೆ ಮುಖ ತೋರಿಸಿ ಹೋದವು. ಎಲ್ಲಕ್ಕಿಂತ ಕೊನೆಗೆ ಬಂತು ಕಿಟಕಿಯ ಮಾತು.

ತಿಂಗಳ ಹಿಂದೆ ಇದೇ ಸೋಫಾದಲ್ಲಿ ಕೂತು ಅವಳು ಅತ್ತೆಯ ಹತ್ತಿರ ಮನಸ್ಸು ಬಿಚ್ಚಿದ್ದಳು. ಕೆಲಸ ಬಿಡಲು ಇಷ್ಟವಿಲ್ಲ, ಅದರಲ್ಲೂ ತನ್ನ ಮೇಜಿನ ಮುಂದಿನ ಆ ಉತ್ತರದ ಕಿಟಕಿಯ ತಂಪು ಬೆಳಕು ಬಿಟ್ಟು ಹೋಗಲು ಕರುಳು ಕಿತ್ತು ಬರುತ್ತದೆ, ಆ ಬೆಳಕಿನಲ್ಲೇ ಹಲ್ಲಿನ ನಿಜವಾದ ಬಣ್ಣ ಕಾಣುವುದು, ಎಂದಿದ್ದಳು. ಮಾರನೆಯ ದಿನ ಗಂಡ ತಾನಾಗಿಯೇ, ಇಲ್ಲಿನ ಕೋಣೆಗೆ ಉತ್ತರಕ್ಕೆ ದೊಡ್ಡ ಕಿಟಕಿಯಿದೆ, ಅಲ್ಲೊಂದು ಮೇಜು ಹಾಕಿಸುತ್ತೇನೆ, ನಿನಗೆ ಅದು ಬೇಕೆನಿಸುತ್ತೆ ಅಂತ ನನಗೇಕೋ ಅನ್ನಿಸಿತು, ಎಂದಿದ್ದ. ಅವಳು ಫೋನ್ ಇಟ್ಟು ಅತ್ತಿದ್ದಳು. ಆ ಕ್ಷಣದಲ್ಲೇ ಹೋಗುವುದೆಂದು ಒಪ್ಪಿದ್ದಳು. ಆ ಚೌಕಟ್ಟು ನೋಡುವುದಷ್ಟೇ ಅಲ್ಲ, ಕೇಳಿಸಿಕೊಳ್ಳುತ್ತಲೂ ಇತ್ತು. ಅವಳ ಒಪ್ಪಿಗೆಯನ್ನು ಅವಳ ಬಾಯಿಂದಲೇ ಕದ್ದು ಅವಳಿಗೇ ಉಡುಗೊರೆ ಕೊಟ್ಟಿದ್ದ.

"ಕಿಟಕಿ ಇದೆಯಾ ಅಲ್ಲಿ?" ಎಂದು ಕೇಳಿದಳು.

"ಯಾವ ಕಿಟಕಿ?" ಅಂದ. ಆಮೇಲೆ ನೆನಪಾಗಿ, "ಇದೆ. ಇಲ್ಲದೆ ಏನು. ಉತ್ತರಕ್ಕೋ ಎಲ್ಲಿಗೋ, ಒಟ್ಟಿನಲ್ಲಿ ಇದೆ" ಎಂದ.

ಅತ್ತೆಗೆ ಧಾರಾವಾಹಿ ಬೇಡವಾಗಿತ್ತು. ಸೊಸೆಯ ಮುಖದಲ್ಲಿ ರಕ್ತವಿಲ್ಲದ್ದನ್ನು ನೋಡಿ ಕುಂಟುತ್ತ ಬಂದು ಏನೆಂದು ಕೇಳಿದರು. ಕನಸಿ ಚೌಕಟ್ಟಿನ ಚುಕ್ಕೆಯನ್ನು ತೋರಿಸಿದಳು, ಎರಡು ಮಾತಿನಲ್ಲಿ ಹೇಳಿದಳು. ಅತ್ತೆ ಮೊದಲು ನಕ್ಕರು, ನಂಬಲಾಗದೆ. ಆಮೇಲೆ ಸೋಫಾದ ಕಡೆ ನೋಡಿದರು. ಮೊಣಕಾಲು ಕೈಕೊಟ್ಟ ಮೇಲೆ ಅವರು ಮಲಗುವುದು, ಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುವುದು, ಬಟ್ಟೆ ಬದಲಾಯಿಸುವುದು ಎಲ್ಲ ಈ ಕೋಣೆಯಲ್ಲೇ. ಅವರ ಕೈ ತಾನಾಗಿ ಕೊರಳ ಹತ್ತಿರ ಹೋಗಿ ಅಂಗಿಯ ಗುಂಡಿ ಹಿಡಿದುಕೊಂಡಿತು. ಎಷ್ಟು ಹೊತ್ತಾದರೂ ಆ ಕೈ ಕೆಳಗಿಳಿಯಲಿಲ್ಲ. ಇನ್ನೊಂದು ಕೈಯಿಂದ ಫೋನ್ ಇಸಿದುಕೊಂಡರು.

"ನಾನು ಕಣೋ. ನಾನು ಇಲ್ಲೇ ಬಟ್ಟೆ ಬದಲಾಯಿಸ್ತೀನಿ, ಗೊತ್ತಾ ನಿಂಗೆ?"

ನೀನು ಬಂದ್ರೆ ನಾನು ಫೋನಲ್ಲಿ ಅದನ್ನು ಮುಚ್ಚಿಬಿಡ್ತಿದ್ದೆ ಅಮ್ಮ, ದೇವರಾಣೆ, ಎಂದು ಅವನು ಹೇಳಿದ್ದು ಕನಸಿಗೂ ಕೇಳಿಸಿತು.

"ನಾನು ಬಂದಿದ್ದು ನೋಡಿದ ಮೇಲೆ ತಾನೇ ಮುಚ್ಚೋದು?" ಎಂದರು ಅತ್ತೆ. ಬೈಯುತ್ತಾರೆ ಎಂದು ಕನಸಿ ಕಾದಳು. ಒಂದು ದಿನಕ್ಕೆ ಒಂದು ಊರಿಗಾಗುವಷ್ಟು ಬೈಗುಳ ಇಟ್ಟುಕೊಂಡಿದ್ದ ಹೆಂಗಸು, ಒಂದೂ ಆಚೆ ತೆಗೆಯಲಿಲ್ಲ. ಫೋನನ್ನು ಸೊಸೆಯ ಕೈಗೆ ಹಿಂತಿರುಗಿಸಿ, ಚೌಕಟ್ಟನ್ನು ಕಪಾಟಿನ ಮೇಲೆ ಮಕಾಡೆ ಮಲಗಿಸಿ, ಅದರ ಮೇಲೆ ಒಂದು ದಿಂಬನ್ನೂ ಇಟ್ಟರು.

ಆ ಕಡೆ ಗಂಡ, ಭಾನುವಾರ ಬಂದಾಗ ಕೂತು ಮಾತಾಡೋಣ, ಸಾಮಾನು ಕಟ್ಟೋದು ನಿಲ್ಲಿಸಬೇಡ, ಎನ್ನುತ್ತಿದ್ದ.

"ಬಾ," ಅಂದಳು ಕನಸಿ. "ಬಂದು ಎದುರಿಗೆ ಕೂತ್ಕೊ. ನಂಗೆ ಏನು ಬೇಕು ಅಂತ ನನ್ನನ್ನೇ ಕೇಳು. ಕೇಳೋಕೆ ಬರದೇ ಇದ್ರೆ ಒಬ್ಬನೇ ವಾಪಸ್ ಹೋಗು. ಸಾಮಾನು ನಾನು ಕಟ್ಟಲ್ಲ."

ಅವಳು ಫೋನ್ ಇಟ್ಟಳು.

ಅತ್ತೆ ಗೋಡೆ ಗಡಿಯಾರವನ್ನು ಅನುಮಾನದಿಂದ ನೋಡುತ್ತಿದ್ದರು. ಹಾಡು ಹಾಕುವ ಡಬ್ಬಿಯನ್ನು ಎತ್ತಿ ಅದರ ತಳ ನೋಡಿದರು. ಇದು ಬರೀ ಹಾಡುತ್ತೆ ತಾನೇ, ಎಂದು ಕೇಳಿದರು. ಕನಸಿಗೆ ಹೌದೆನ್ನಲು ಧೈರ್ಯ ಬರಲಿಲ್ಲ. ಬಿಸಿನೀರಿನ ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು ಅತ್ತೆ ಅಡುಗೆಮನೆಗೆ ಹೋಗಿ, ಒಲೆಯ ಪಕ್ಕದ ಮೋಟು ಕುರ್ಚಿಯ ಮೇಲೆ ಕೂತರು. ಕನಸಿಯೂ ಹಿಂದೆಯೇ ಹೋಗಿ ಬಾಗಿಲು ಮುಂದೆ ಮಾಡಿದಳು.

ಅಲ್ಲಿಂದಲೇ ಕಾರ್ಯಾಗಾರದ ಯಜಮಾನರಿಗೆ ಫೋನ್ ಹಚ್ಚಿದಳು. ಅವರು ಪಕ್ಕದಲ್ಲಿ ಉಜ್ಜುವ ಯಂತ್ರ ಓಡಿಸಿಕೊಂಡೇ ಮಾತಿಗೆ ಸಿಕ್ಕರು. ನಾನು ಬಿಡುತ್ತಿಲ್ಲ ಸರ್, ನಾಳೆ ಬರುತ್ತೇನೆ, ಎಂದಳು.

"ಏನಮ್ಮಾ? ಒಂದಕ್ಷರ ಕೇಳಿಸ್ತಿಲ್ಲ. ಯಾರಾದ್ರೂ ಮಲಗಿದ್ದಾರಾ ಅಲ್ಲಿ? ಯಾಕೆ ಪಿಸುಗುಡ್ತಿದ್ದೀಯ?"

ಆಗಲೇ ಅವಳಿಗೆ ಗೊತ್ತಾದದ್ದು, ತಾನು ಅಂಗೈಯಿಂದ ಬಾಯಿ ಮರೆಮಾಡಿಕೊಂಡು, ತನ್ನದೇ ಅಡುಗೆಮನೆಯ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ನಿಂತಿದ್ದೇನೆಂದು. ಅತ್ತೆಯ ಕಡೆ ತಿರುಗಿದಳು. ಅತ್ತೆ ಕೊರಳ ಗುಂಡಿಯನ್ನು ಇನ್ನೂ ಹಿಡಿದುಕೊಂಡೇ, ಜೋರಾಗಿ ಹೇಳು ಎಂಬಂತೆ ಗದ್ದ ಎತ್ತಿದರು.

ಕನಸಿ ಅಂಗೈ ತೆಗೆದಳು. ಮೊದಲ ಸಲ ದನಿ ಒಡೆಯಿತು. ಎರಡನೆಯ ಸಲ ಯಂತ್ರದ ಸದ್ದನ್ನು ದಾಟಿ ಹೋಯಿತು.