ಬೇಲಿಯಾಚೆಯವಳ ಕಣ್ಣು

ವೆಂಕಟಲಕ್ಷ್ಮಮ್ಮನಿಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದೇನು ಬಂತು, ಹೊಟ್ಟೆಕಿಚ್ಚೇ. ಚನ್ನಪಟ್ಟಣದ ಬೊಂಬೆ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಮರ ಕಡೆಯುವ ಲೇತ್ ಮಿಷಿನ್ನಿನ ಮುಂದೆ ಕೂತು ಸೊಂಟ ಸವೆಸಿದವಳು ಆಕೆ. ಎಲ್ಲರೂ ಹೊಗಳುವುದು ಮಾತ್ರ ಎರಡು ವರ್ಷದ ಹಿಂದೆ ಪಕ್ಕದ ಮಿಷಿನ್ನಿಗೆ ಬಂದ ಕರೀಮುನ್ನೀಸಾಳನ್ನು!

ಅಮೆರಿಕದ ಒಂದು ಮ್ಯೂಸಿಯಮ್ಮಿನಿಂದ ಆರ್ಡರ್ ಬಂತು. ಎರಡನೇ ಮಹಾಯುದ್ಧ ಮುಗಿದ ಮೇಲಿನ ಹತ್ತು ವರ್ಷ ಅಲ್ಲಿನ ಜನ ಹೇಗೆ ಬಾಳಿದರು ಎಂಬುದನ್ನು ಬೊಂಬೆಗಳಲ್ಲಿ ಮಾಡಿಕೊಡಬೇಕಂತೆ. ಮಾಲೀಕ ರೇಣುಕಾಪ್ರಸಾದ್ ಹಳೇ ಫೋಟೊ ತೋರಿಸಿದ. ಉದ್ದನೆಯ ಕಾರು, ಟೀವಿ, ಬಾಗಿಲು ತೆರೆದ ಫ್ರಿಜ್ಜು, ಅದರ ಮುಂದೆ ಕೊಡೆಯಂತೆ ಅರಳಿದ ಲಂಗದಲ್ಲಿ ನಗುವ ಹೆಂಗಸು. ಬೇಲಿಯಾಚೆ ಇದನ್ನೆಲ್ಲ ನೋಡುತ್ತಾ ನಿಂತ ಪಕ್ಕದ ಮನೆಯವಳು. ಅವಳ ಮುಖ ಮಸುಕು.

"ಫ್ರಿಜ್ಜು ನೋಡ್ಕೊಂಡು ಹಿಂಗೆ ಹಲ್ಲು ಕಿರೀತಾಳಲ್ಲ, ಅದ್ರೊಳಗೆ ಅಂಥದ್ದೇನೈತೆ?" ಎಂದಳು ವೆಂಕಟಲಕ್ಷ್ಮಮ್ಮ.

"ಪಕ್ಕದ್ಮನೆಗೆ ಫ್ರಿಜ್ಜು ಬಂದ್ರೆ ಇವ್ರಿಗೂ ಬೇಕು, ಅವ್ರು ಕಾರ್ ತಂದ್ರೆ ಇವ್ರಿಗೆ ಅದಕ್ಕಿಂತ ಉದ್ದದ್ದು ಬೇಕು. ಹಂಗಿತ್ತಂತೆ ಕಣಮ್ಮ ಆ ಕಾಲ," ಎಂದ ರೇಣುಕಾಪ್ರಸಾದ್. "ಯಾರ ಬೊಂಬೆ ಮ್ಯೂಸಿಯಮ್ಮಿನೋರಿಗೆ ಎಲ್ಲಕ್ಕಿಂತ ಹಿಡಿಸ್ತದೋ, ಅವ್ರ ಹೆಸ್ರು ಬೊಂಬೆ ಡಬ್ಬಿ ಮೇಲೆ ಹಾಕುಸ್ತಾರೆ."

ಹೆಸರು! ರೇಷನ್ ಕಾರ್ಡು ಬಿಟ್ಟು ಇನ್ನೆಲ್ಲೂ ಆಕೆಯ ಹೆಸರು ಅಚ್ಚಾಗಿರಲಿಲ್ಲ. ಆದರೆ ನಗುವ ಹೆಂಗಸು ಹೋದದ್ದು ಕರೀಮುನ್ನೀಸಾಳ ಪಾಲಿಗೆ. ಈಕೆಗೆ ಸಿಕ್ಕಿದ್ದು ಬೇಲಿಯಾಚೆಯವಳು. ಹೊಟ್ಟೆಗೆ ಬೆಂಕಿ ಬಿದ್ದಂತಾಯಿತು.

ಆ ಕಾರ್ಖಾನೆಯಲ್ಲೊಂದು ಪದ್ಧತಿಯಿದೆ. ಬೊಂಬೆ ಮಾಡಿದವರೇ ಅದಕ್ಕೆ ಕಣ್ಣು ಬರೆದರೆ ದೃಷ್ಟಿಯಾಗುತ್ತದೆಂದು, ಪಕ್ಕದ ಮಿಷಿನ್ನಿನವರು ಬರೆಯುತ್ತಾರೆ. ಹೀಗಾಗಿ ಕರೀಮುನ್ನೀಸಾಳ ಹೆಂಗಸು ಅರಗಿನ ಬಣ್ಣದಲ್ಲಿ ಹೊಳೆಯುತ್ತಾ ವೆಂಕಟಲಕ್ಷ್ಮಮ್ಮನ ಅಂಗೈಗೇ ಬಂತು. ಸೊಂಟ ಅಂದರೆ ಸೊಂಟ! 'ಒಂದು ಕಣ್ಣು ಒಸಿ ವಾರೆ ಮಾಡ್ಬುಟ್ರೆ ಯಾರಿಗೆ ಗೊತ್ತಾಯ್ತದೆ?' ಎಂದುಕೊಂಡು ಕುಂಚ ಎತ್ತಿದಳು. ಹಾಳು ಕೈ! ಕೆಲಸ ಕೆಡಿಸಿ ಗೊತ್ತಿಲ್ಲದ ಆ ಕೈ ಎರಡು ಕಣ್ಣನ್ನೂ ನೆಟ್ಟಗೇ ಬರೆಯಿತು. ಆಕೆ ತನ್ನ ಕೈಗೇ ಹಿಡಿಶಾಪ ಹಾಕಿದಳು. ತನ್ನ ಬೊಂಬೆಗೆ ಕರೀಮುನ್ನೀಸಾ ಕಣ್ಣು ಬರೆದಾಗ ತಿರುಗಿಯೂ ನೋಡಲಿಲ್ಲ.

ಬೊಂಬೆಗಳ ಫೋಟೊ ಅಮೆರಿಕಕ್ಕೆ ಹೋಯಿತು. ನಾಲ್ಕನೇ ದಿನ ರೇಣುಕಾಪ್ರಸಾದ್ ಫೋನು ಹಿಡಿದುಕೊಂಡು ಓಡಿಬಂದ.

"ವೆಂಕಟಲಕ್ಷ್ಮಮ್ಮ, ನಿಮ್ದೇ ಕಣಮ್ಮ! ಆ ಕಾಲದ ಹೊಟ್ಟೆಕಿಚ್ಚೆಲ್ಲಾ ಬೇಲಿಯಾಚೆಯೋಳ ಕಣ್ಣಲ್ಲೇ ಐತಂತೆ. ಡಬ್ಬಿ ಮೇಲೆ ನಿಮ್ಮ ಹೆಸ್ರೇ!"

ಆಕೆ ಹಿಗ್ಗಿ ಹೀರೇಕಾಯಿಯಾದಳು. ಕಪಾಟಿನಿಂದ ತನ್ನ ಬೊಂಬೆಯನ್ನು ಎತ್ತಿಕೊಂಡು ಆಗ ನೋಡಿದಳು. ಓರೆಗಣ್ಣು. ಬಿಗಿದ ರೆಪ್ಪೆ. ಪಕ್ಕದವಳ ಕೈಯಲ್ಲಿದ್ದುದನ್ನು ನುಂಗುವ ನೋಟ.

"ಫೋಟೊದಲ್ಲಿ ಇವಳ ಮುಖಾನೇ ಕಾಣ್ತಿರ್ಲಿಲ್ಲ," ಎಂದಳು. "ಈ ಕಣ್ಣ ಎಲ್ಲಿ ನೋಡಿದ್ಯೇ?"

ಕರೀಮುನ್ನೀಸಾ ಮಿಷಿನ್ನಿನಲ್ಲಿ ತಿರುಗುತ್ತಿದ್ದ ಇನ್ನೊಂದು ಬೊಂಬೆಗೆ ತಾಳೆಗರಿ ಹಿಡಿದು ಹೊಳಪು ಕೊಡುತ್ತಿದ್ದಳು. ತಲೆ ಎತ್ತಲಿಲ್ಲ.

"ಎರಡು ವರ್ಷದಿಂದ ದಿನಾ ನೋಡ್ತಾ ಇದ್ದೀನಲ್ಲಕ್ಕ," ಎಂದಳು.