ಗುಂಡಿ ಒತ್ತದ ಹುಡುಗಿ

ನನ್ನ ಹನ್ನೊಂದು ವರ್ಷದ ಮಗಳ ತಲೆಯಲ್ಲಿ ಮೂವರು ಬಾಡಿಗೆ ಕೊಡದೆ ಕೂತಿದ್ದಾರೆ. ಅವರಲ್ಲಿ ಜೋರಿನವಳಿಗೆ ಇವಳೇ ಗೊಣಗಮ್ಮ ಎಂದು ಹೆಸರಿಟ್ಟಿದ್ದಾಳೆ. ಡಾಕ್ಟರು ಇದನ್ನು ಸ್ಕಿಜೋಫ್ರೇನಿಯಾ ಅನ್ನುತ್ತಾರೆ, ಇಷ್ಟು ಚಿಕ್ಕವರಿಗೆ ಬರುವುದು ಅಪರೂಪವಂತೆ. ಅಪರೂಪದ್ದೆಲ್ಲ ನಮ್ಮ ಮನೆಯ ವಿಳಾಸ ಕೇಳಿಕೊಂಡೇ ಬರುತ್ತದೆ. ಮಾತ್ರೆಯಿಂದ ಈ ಮೂವರ ದನಿಗಳು ತಗ್ಗಿವೆ, ನಿಂತಿಲ್ಲ. ಒಮ್ಮೆಯಾದರೂ ಪೂರ್ತಿ ನಿಲ್ಲುತ್ತವೆಯೇ ಎಂಬುದೊಂದೇ ನನ್ನ ಚಿಂತೆ.

ಅದಕ್ಕೇ ಈ ಸಂಶೋಧನೆಗೆ ಒಪ್ಪಿದೆ. ಮಗಳು ಎಂ.ಆರ್.ಐ. ಯಂತ್ರದೊಳಗೆ ಮಲಗಿ, ದನಿ ಕೇಳಿದಾಗಲೆಲ್ಲ ಕೈಯಲ್ಲಿರುವ ಗುಂಡಿ ಒತ್ತಬೇಕು. ಆ ಗಳಿಗೆಯಲ್ಲಿ ಮಿದುಳಿನ ಯಾವ ಭಾಗ ಚುರುಕಾಗುತ್ತದೆಂದು ಸಂಶೋಧಕಿ ನೋಡುತ್ತಾಳೆ. ಅವಳು ವಯಸ್ಸಿನಲ್ಲಿ ನನ್ನ ತಂಗಿಯಂಥವಳು. ಗೊಣಗಮ್ಮನ ಬಾಯಿಗೆ ಬೀಗವಿಲ್ಲ, ಗುಂಡಿ ಸವೆದೇ ಹೋಗುತ್ತದೆ ಎಂದುಕೊಂಡೆ.

ಗಾಜಿನ ಈಚೆ ನಾನೂ ಸಂಶೋಧಕಿಯೂ ಕೂತೆವು. ಯಂತ್ರ ತಗಡಿಗೆ ಸುತ್ತಿಗೆ ಬಡಿದಂತೆ ಸದ್ದು ಶುರುಮಾಡಿತು. ಪರದೆಯ ಮೇಲೆ, ಗುಂಡಿ ಒತ್ತಿದಾಗ ಏಳಬೇಕಾದ ಗೆರೆ ಮಾತ್ರ ಮಿಸುಕಲಿಲ್ಲ. ಸಂಶೋಧಕಿ ತಂತಿ ಅಲ್ಲಾಡಿಸಿದಳು, ಕನ್ನಡಕ ಒರೆಸಿದಳು, ಕೊನೆಗೆ ಯಂತ್ರ ನಿಲ್ಲಿಸಿ ಮೈಕಿನಲ್ಲಿ ಕೇಳಿದಳು.

"ನಿದ್ದೆ ಬಂತಾ ಪುಟ್ಟ?"

"ಇಲ್ಲ ಆಂಟಿ, ಎಚ್ಚರವಾಗೇ ಇದೀನಿ."

ಮತ್ತೆ ಸದ್ದು, ಮತ್ತೆ ಅದೇ ನೆಟ್ಟನೆಯ ಗೆರೆ. ಸಂಶೋಧಕಿಯ ಪೆಚ್ಚುಮೋರೆ ನೋಡಿ ನನಗೇ ಅಯ್ಯೋ ಅನ್ನಿಸಿತು. ಹೊರಬಂದ ಮಗಳಿಗೂ ಅನ್ನಿಸಿರಬೇಕು.

"ಯಾರೂ ಮಾತಾಡ್ಲೇ ಇಲ್ಲ ಆಂಟಿ. ಆ ಸದ್ದಿಗೆ ಹೆದರಿರ್ಬೇಕು. ಇನ್ನೊಂದ್ಸಲ ಮಲಗಿ ಸುಮ್ನೆ ನಾಲ್ಕು ಸಲ ಒತ್ತಿಬಿಡ್ಲಾ?"

"ಬೇಡಮ್ಮ. ಆಮೇಲೆ ನಾನು ಸುಳ್ಳನ್ನೇ ಕೂತು ಓದ್ಬೇಕಾಗತ್ತೆ," ಎಂದು ಅವಳು ನಕ್ಕಳು. ಹೊರಗಿನ ಸದ್ದಿಗೆ ಕೆಲವರ ದನಿಗಳು ಅಡಗುವುದುಂಟು, ಇವತ್ತಿನದು ಲೆಕ್ಕಕ್ಕಿಲ್ಲ ಎಂದು ನನಗೆ ವಿವರಿಸಿದಳು.

ಲೆಕ್ಕಕ್ಕಿಲ್ಲವಂತೆ. ನನಗೆ ರೇಗಿತು. ಅವಳ ಸಂಶೋಧನೆಗೆ ಅದು ಸೊನ್ನೆ ಇರಬಹುದು, ನನಗಂತೂ ಹಾಲು ಕುಡಿದಷ್ಟು ಸಂತೋಷವಾಗಿತ್ತು. ನಿಲ್ಲುತ್ತವೆ. ಒಂದಿಷ್ಟು ಹೊತ್ತಾದರೂ ನಿಲ್ಲುತ್ತವೆ.

ಹೊರಗಿನ ಬೆಂಚಿನ ಮೇಲೆ ಮಗಳು ಶೂ ಹಾಕಿಕೊಳ್ಳುತ್ತಿದ್ದಳು. ಒಂದು ಕಾಲಿಗೆ ಹಾಕಿ, ಇನ್ನೊಂದನ್ನು ಕೈಯಲ್ಲೇ ಹಿಡಿದು ಕೂತಳು.

"ಅಮ್ಮಾ, ಹೊರಗೆ ಅಷ್ಟು ಗಲಾಟೆ, ತಲೆ ಒಳಗೆ ಯಾರೂ ಇಲ್ಲ. ನಿಂಗೆ ಯಾವಾಗ್ಲೂ ಹೀಗೇ ಇರತ್ತಾ?"

ಹೂಂ ಅನ್ನುವುದಕ್ಕೆ ನಾಚಿಕೆಯಾಯಿತು. ಆದರೂ ಅಂದೆ.

"ಹೀಗಿರತ್ತೆ ಅಂತ ನಂಗೆ ಮರ್ತೇ ಹೋಗಿತ್ತು," ಎಂದಳು ಮಗಳು.