ಬೆರಳಿಲ್ಲದ ವಿಡಿಯೊ

ನಾನು ಒಂದು ಹಾರ್ಡ್ ಡಿಸ್ಕ್. ಅಂಗೈಯಷ್ಟು ಅಗಲದ ಕಪ್ಪು ಪೆಟ್ಟಿಗೆ. ಒಳಗೆ ಕನ್ನಡಿಯ ಹಾಗೆ ಹೊಳೆಯುವ ತಟ್ಟೆಗಳು, ಅವುಗಳನ್ನು ತಾಗಿಯೂ ತಾಗದಂತೆ ಓಡಾಡುವ ಒಂದು ಸಣ್ಣ ಮುಳ್ಳು. ನಾನು ಹುಟ್ಟಿದ್ದು ಸಮುದ್ರದಾಚೆಯ ಯಾವುದೋ ಕಾರ್ಖಾನೆಯಲ್ಲಿ. ಅಲ್ಲಿ ನನ್ನನ್ನು ಮುಟ್ಟಿದವರೆಲ್ಲ ಕೈಗವಸು ಹಾಕಿದ್ದರು, ಮೂಗು ಬಾಯಿ ಮುಚ್ಚಿಕೊಂಡಿದ್ದರು. ಒಂದು ಕಣ ಧೂಳು ಒಳಗೆ ಹೋದರೂ ನಾನು ಕೆಟ್ಟೆನೆಂದು ಅವರಿಗೆ ಭಯ. ಅಂಥ ಮರ್ಯಾದೆ ಆಮೇಲೆ ನನಗೆ ಎಲ್ಲೂ ಸಿಗಲಿಲ್ಲ.

ಹುಬ್ಬಳ್ಳಿಯ ಅಂಗಡಿಯಿಂದ ನನ್ನನ್ನು ಗದಗಿಗೆ ತಂದವನು ಪ್ರಭುಲಿಂಗ. ಬಸ್ಸಿನಲ್ಲಿ ಮಿರ್ಚಿ ತಿನ್ನುತ್ತ, ಅದೇ ಎಣ್ಣೆಗೈಯಲ್ಲಿ ನನ್ನ ಪೊಟ್ಟಣ ಹರಿದು, ಹಿಂದೆ ಮುಂದೆ ತಿರುಗಿಸಿ ನೋಡಿದ. ಅವತ್ತಿನಿಂದಲೇ ಅವನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಮುಂದೆ ಅವನು ಆ ಅಭಿಪ್ರಾಯ ಬದಲಿಸುವಂಥದ್ದೇನೂ ಮಾಡಲಿಲ್ಲ.

ಬೆಟಗೇರಿ ರಸ್ತೆಯಲ್ಲಿ ಅವನ ಮನೆಯವರದೊಂದು ಮದುವೆ, ಸಮಾರಂಭ ಚಿತ್ರೀಕರಿಸುವ ಸ್ಟುಡಿಯೊ ಇತ್ತು. ಕಟ್ಟಿದ್ದು ಅವರಪ್ಪ. ಅಪ್ಪ ಸತ್ತ ಮೇಲೆ ಗಿರಾಕಿಗಳ ವ್ಯವಹಾರ ಅಣ್ಣ ಪ್ರಭುಲಿಂಗನಿಗೆ, ಕಂಪ್ಯೂಟರಿನ ಮುಂದೆ ಕೂತು ಮಾಡುವ ಕೆಲಸ ತಂಗಿ ಕಸ್ತೂರಿಗೆ ಎಂದಾಯಿತು. ಇಬ್ಬರೂ ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಮಾಡಿ ಕೂಡುತ್ತಿದ್ದರು. ಅವರ ಜಗಳ ನಾನು ಬರುವುದಕ್ಕೆ ಮುಂಚಿನದು. ನಾನು ಬಂದದ್ದರಿಂದ ಅದಕ್ಕೆ ಹೊಸ ವಿಷಯ ಸಿಕ್ಕಿತು, ಅಷ್ಟೆ.

ಕಸ್ತೂರಿ ಕ್ಯಾಮೆರಾದಿಂದ ಇಳಿಸಿದ್ದನ್ನು ಇದ್ದ ಹಾಗೇ ನನ್ನಲ್ಲಿ ಇಡುತ್ತಿದ್ದಳು. ಕತ್ತರಿಸುವುದು, ಬಣ್ಣ ತಿದ್ದುವುದು ಏನೇ ಇದ್ದರೂ ಮೂಲವನ್ನು ಕೆಡಿಸುತ್ತಿರಲಿಲ್ಲ. ಗಿರಾಕಿಗೆ ಕೊಡಬೇಕಾದದ್ದನ್ನು ಪ್ರತಿ ಸಲವೂ ಮೂಲದಿಂದಲೇ ಹೊಸದಾಗಿ ತೆಗೆಯುತ್ತಿದ್ದಳು. ಅದಕ್ಕೆ ಹೊತ್ತು ಹಿಡಿಯುತ್ತಿತ್ತು, ನನ್ನ ಹೊಟ್ಟೆಯಲ್ಲಿ ಜಾಗವೂ ಬೇಕಾಗುತ್ತಿತ್ತು. ಪ್ರಭುಲಿಂಗನಿಗೆ ಎರಡೂ ಸಹ್ಯವಾಗುತ್ತಿರಲಿಲ್ಲ.

"ಮಂದಿ ನೋಡೂದು ಫೋನಿನಾಗ. ಅದಕ್ಕ ಇಷ್ಟ್ಯಾಕ ಬೇಕು? ಸಣ್ಣದು ಮಾಡಿ ಒಗಿ."

"ಸಣ್ಣದು ಮಾಡೂದು ಅಂದ್ರ ಮಡಚಿ ಇಡೂದಲ್ಲೋ ಅಣ್ಣಾ. ಅದು ಒಳಗಿಂದು ತಗದು ಚೆಲ್ಲತೈತಿ. ಚೆಲ್ಲಿದ್ದು ತಿರುಗಿ ಬರೂದಿಲ್ಲ."

"ನಿನಗ ಕಣ್ಣ ಹೆಚ್ಚಾಗ್ಯಾವ," ಎನ್ನುತ್ತಿದ್ದ ಅವನು. ಅವಳು ಪಟ್ಟನೆ ಹೆಡ್‌ಫೋನು ಏರಿಸಿ ಬೆನ್ನು ತಿರುಗಿಸುತ್ತಿದ್ದಳು. ದಿನಕ್ಕೊಂದಾದರೂ ಇಂಥದು ಇರುತ್ತಿತ್ತು.

ಅಷ್ಟರಲ್ಲಿ ಊರ ಹೊರಗಿನ ಒಂದು ಕಿವುಡ ಮಕ್ಕಳ ಶಾಲೆಯಿಂದ ಕೆಲಸ ಬಂತು. ಫಕ್ಕೀರಪ್ಪನವರ ಕತೆಗಳನ್ನು ವಿಡಿಯೊ ಮಾಡಿಕೊಡಬೇಕು.

ಫಕ್ಕೀರಪ್ಪನವರು ಹುಟ್ಟು ಕಿವುಡರು. ಗದಗಿನ ಒಂದು ಛಾಪಖಾನೆಯಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸುತ್ತ ಜೀವನ ಸವೆಸಿದವರು. ಯಂತ್ರಗಳ ಗದ್ದಲದಲ್ಲಿ ಬೇರೆಯವರು ಕಿವಿ ಮುಚ್ಚಿಕೊಳ್ಳುತ್ತಿದ್ದರೆ ಅವರು ಮಾತ್ರ ನೆಮ್ಮದಿಯಾಗಿರುತ್ತಿದ್ದರಂತೆ. ಕೆಲಸ ಬಿಟ್ಟ ಮೇಲೆ ವಾರಕ್ಕೊಮ್ಮೆ ಆ ಶಾಲೆಯ ಹಾಸ್ಟೆಲ್ಲಿಗೆ ಹೋಗಿ ಮಕ್ಕಳಿಗೆ ಕೈಯಲ್ಲಿ ಕತೆ ಹೇಳುತ್ತಿದ್ದರು. ಅವರ ಸನ್ನೆಗಳಲ್ಲಿ ಅರ್ಧ ಮಾತ್ರ ಶಾಲೆಯಲ್ಲಿ ಕಲಿಸುವಂಥವು. ಉಳಿದರ್ಧ ಛಾಪಖಾನೆಯಲ್ಲಿ, ಮನೆಯಲ್ಲಿ ಅವರೇ ಕಟ್ಟಿಕೊಂಡಂಥವು. ಹೆಬ್ಬೆರಳು ಕಿರುಬೆರಳನ್ನು ತಾಗಿದರೆ ಇಲಿ, ಉಂಗುರದ ಬೆರಳನ್ನು ತಾಗಿದರೆ ಇಲಿಯ ಹೆದರಿಕೆ. ಅಷ್ಟು ನಾಜೂಕು.

ಚಿತ್ರೀಕರಣಕ್ಕೆ ಕಸ್ತೂರಿಯೇ ಹೋದಳು. ಹಿಂದೆ ಕಡುನೀಲಿ ಬಟ್ಟೆ ಕಟ್ಟಿಸಿ, ಬೆಳಕು ಎಲ್ಲಿಂದ ಬಿದ್ದರೆ ಬೆರಳು ಚೆನ್ನಾಗಿ ಕಾಣುತ್ತವೆ ಎಂದು ಅವರನ್ನೇ ಕೇಳಿದಳು. ನಡುವೆ ನಿಂತು ಇತ್ತಲಿಂದತ್ತ ಮಾತು ಮುಟ್ಟಿಸಿದವಳು ಅವರ ಮಗಳು ಶಿವಲೀಲಾ. ಅವಳಿಗೆ ಕಿವಿ ಕೇಳುತ್ತದೆ. ಸಿಟಿ ಬಸ್ಸಿನಲ್ಲಿ ಕಂಡಕ್ಟರ್. ಸೆಕೆಂಡಿಗೆ ಐವತ್ತು ಚಿತ್ರಗಳಂತೆ ಕಸ್ತೂರಿ ಹನ್ನೊಂದು ಕತೆ ಹಿಡಿದಳು. ಅವು ನನ್ನೊಳಗೆ ಇಳಿದಾಗ ನನಗೆ ಗೊತ್ತಾಯಿತು, ನಾನು ಅಲ್ಲಿಯವರೆಗೆ ಹೊತ್ತದ್ದೆಲ್ಲ ಬರೀ ಮದುವೆಯಲ್ಲಿ ಅಕ್ಕಿಕಾಳು ಎಸೆಯುವುದು, ಹುಟ್ಟುಹಬ್ಬದಲ್ಲಿ ಕೇಕು ತಿನ್ನಿಸುವುದು. ಛಾಪಖಾನೆಯ ಬೆಕ್ಕೊಂದು ಹಸಿ ಮಸಿ ತುಳಿದು ಊರಿನ ಪತ್ರಿಕೆಯ ಮೇಲೆಲ್ಲ ನಡೆದುಹೋಗುವ ಕತೆಯಲ್ಲಿ, ಅವರ ಹತ್ತು ಬೆರಳುಗಳಲ್ಲಿ ಬೆಕ್ಕು, ಮಸಿ, ಮಾಲೀಕ, ಮಾಲೀಕನ ಸಿಟ್ಟು ಎಲ್ಲವೂ ಇದ್ದವು.

ಅದಾದ ಮೇಲೆ ಕಸ್ತೂರಿ ಟೈಫಾಯ್ಡ್ ಬಂದು ಮಲಗಿದಳು.

ಅವಳಿಲ್ಲದ ಆ ದಿನಗಳಲ್ಲಿ ಪ್ರಭುಲಿಂಗ ಕೆಲಸ ಮುಗಿಸಿದ. ಶಾಲೆಯ ಹೆಡ್‌ಮಿಸ್ಟ್ರೆಸ್ ಫೋನಿಗೆ ಕಳಿಸಿ ಎಂದಿದ್ದರು. ಕತೆಗಳನ್ನು ಹಿಂಡಿ ಪುಟ್ಟದು ಮಾಡಿ ಕಳಿಸಿದ. ಸೆಕೆಂಡಿಗೆ ಐವತ್ತಿದ್ದದ್ದು ಹದಿನೈದಕ್ಕೆ ಇಳಿಯಿತು. ಆಮೇಲೆ ವಾರ್ಷಿಕೋತ್ಸವದ ದೊಡ್ಡ ಪರದೆಗೆ ಬೇಕೆಂದಾಗ ಮೂಲಕ್ಕೆ ಹೋಗಲಿಲ್ಲ. ಆ ಪುಟ್ಟದನ್ನೇ ತೆಗೆದು, ಸುತ್ತ ಗುಲಾಬಿ ಹೂವಿನ ಚೌಕಟ್ಟು ಕೂರಿಸಿ, ಹೆಸರು ಹೊಳೆಯಿಸಿ, ದೊಡ್ಡ ಅಳತೆಗೆ ಹಿಗ್ಗಿಸಿ ಮತ್ತೆ ಉಳಿಸಿದ. ಹಾಡು ಸೇರಿಸಿಲ್ಲವೆಂದು ನೆನಪಾಯಿತು. ಕಿವುಡರ ವಿಡಿಯೊಗೆ ಹಾಡು ಸೇರಿಸಿ ಮೂರನೆಯ ಸಲ ಉಳಿಸಿದ. ಒಂದೊಂದು ಸಲಕ್ಕೂ ಕಂಪ್ಯೂಟರು ತನಗೆ ಬೇಡವೆನಿಸಿದ್ದನ್ನು ಎಸೆಯುತ್ತ ಹೋಯಿತು. ಅದಕ್ಕೆ ಬೇಡವೆನಿಸಿದ್ದು ಬೆರಳುಗಳು. ನೀಲಿ ಬಟ್ಟೆಯ ಮುಂದೆ ನಾದಿದ ಹಿಟ್ಟಿನಂಥ ಎರಡು ಮುದ್ದೆಗಳು ಮಾತ್ರ ಅತ್ತಿಂದಿತ್ತ ಜಿಗಿಯುತ್ತಿದ್ದವು.

ಅವನು ಅದನ್ನು ಪೆನ್‌ಡ್ರೈವಿಗೆ ಹಾಕಿದ. ಮದುವೆ ಸುಗ್ಗಿ ಬಂದಿತ್ತು, ಜಾಗ ಬೇಕಿತ್ತು. ನನ್ನಲ್ಲಿದ್ದ ಹನ್ನೊಂದೂ ಮೂಲಗಳನ್ನು ಆಯ್ದು ಅಳಿಸಿದ. ಅಳಿಸುವಾಗ ಕಂಪ್ಯೂಟರ್ "ಖಂಡಿತವೇ?" ಎಂದು ಕೇಳಿತು. ಅವನು ಆಕಳಿಸುತ್ತ ಹೌದು ಒತ್ತಿದ.

ಶಾಲೆಯ ವಾರ್ಷಿಕೋತ್ಸವ ಮುಗಿದ ಮರುದಿನ, ಕಸ್ತೂರಿ ಮೊದಲ ಸಲ ಎದ್ದು ಸ್ಟುಡಿಯೊಗೆ ಬಂದಿದ್ದಳು. ಬಾಗಿಲು ದಡಾರನೆ ತೆರೆಯಿತು. ಖಾಕಿಯಲ್ಲಿದ್ದ ಶಿವಲೀಲಾ ಒಳಗೆ ನುಗ್ಗಿದಳು. ಹಿಂದೆ ಫಕ್ಕೀರಪ್ಪನವರು, ಬಿಳಿ ಅಂಗಿ, ಮುಖವೆಲ್ಲ ಕೆಂಪು.

"ಯಾರ್ರಿ ಮಾಡಿದ್ದು ಇದನ್ನ?" ಇಡೀ ಬಸ್ಸಿಗೆ ಕೇಳಿಸುವ ದನಿ ಅವಳದು. "ಇಷ್ಟ್ ದೊಡ್ಡ ಪರದೆ, ಅಷ್ಟು ಹುಡುಗ್ರು. ನಮ್ಮಪ್ಪ ಏನ್ ಹೇಳ್ತಾನ ಅಂತ ಒಂದಕ್ಕೂ ತಿಳೀಲಿಲ್ಲ. ಮೊದ್ಲ ಸುಮ್ಮನ ಕುಂತ್ವು, ಆಮ್ಯಾಲೆ ನಕ್ಕವು. ಅಪ್ಪನ ಕೈ ಕೊಳತಾವ ಅಂತ ಒಂದು ಹುಡುಗ ಮಾಡಿ ತೋರಿಸಿದ. ಅಪ್ಪ ಅಲ್ಲೇ ಕುಂತಾನ, ಗೊತ್ತೈತೇನ್ರಿ?"

ಪ್ರಭುಲಿಂಗ ಕುರ್ಚಿಯಿಂದ ಏಳಲೂ ಇಲ್ಲ. "ನಿಮ್ಮ ಪ್ರೊಜೆಕ್ಟರ್ ಸರಿ ಇಲ್ಲರಿ. ಅಷ್ಟಕ್ಕ ಆ ಮೂಗಪ್ಪನ್ನ ಕರ್ಕೊಂಡು ಜಗಳಾ ಮಾಡಾಕ ಬಂದೀರೇನು?"

ಶಿವಲೀಲಾ ಅದನ್ನು ಅಪ್ಪನಿಗೆ ಕೈಯಲ್ಲಿ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ, ಮೂಗಪ್ಪ ಎಂಬ ಆ ಮಾತಿನ ತುಟಿಯ ಆಕಾರವನ್ನು ಫಕ್ಕೀರಪ್ಪನವರು ಹುಟ್ಟಿದಾಗಿನಿಂದ ನೋಡಿಕೊಂಡು ಬಂದಿದ್ದರು. ಅವರು ಮೇಜಿನ ಮೇಲಿದ್ದ ಚಹದ ಲೋಟ ತೆಗೆದು ಪ್ರಭುಲಿಂಗನ ಮೈಮೇಲೆ ಚೆಲ್ಲಿದರು. ಅವನು ಹೌಹಾರಿ ಎದ್ದು ಅವರ ಅಂಗಿಗೆ ಕೈ ಹಾಕಿದ. ಶಿವಲೀಲಾ ಅವನ ಮಣಿಕಟ್ಟು ಹಿಡಿದು ತಿರುಚಿದಳು. ನೂಕುನುಗ್ಗಲಿನಲ್ಲಿ ಟ್ರೈಪಾಡು ಬಿತ್ತು.

ಕಸ್ತೂರಿ ಮಾತ್ರ ಈ ಗಲಾಟೆಗೆ ತಿರುಗಿಯೂ ನೋಡದೆ ನನ್ನೊಳಗೆ ಹುಡುಕುತ್ತಿದ್ದಳು. ಹುಡುಕಿ ಮುಗಿಸಿ ಕೇಳಿದಳು, "ಅಣ್ಣಾ, ಮೂಲ ಎಲ್ಲಿ ಅದಾವ?"

"ತಗದೇನಿ. ಜಾಗಾ ಬೇಕಿತ್ತು."

ಆಗ ಅವಳ ಮುಖ ಹೇಗಾಯಿತೆಂದು ನಾನು ಕಂಡೆ. ಸಿಟ್ಟಲ್ಲ. ಮನೆಯಲ್ಲಿ ಯಾರೋ ಸತ್ತ ಸುದ್ದಿ ಕೇಳಿದ ಹಾಗೆ. ಅವಳು ನನ್ನ ಓಟ ನಿಲ್ಲಿಸಿ, ವೈರು ಕಿತ್ತು, ಸೆರಗಿನಲ್ಲಿ ಸುತ್ತಿಕೊಂಡಳು.

"ಎಲ್ಲಿಗೆ ಒಯ್ತಿ? ಅದರಾಗ ಮೂರು ಮದಿವಿ ಅದಾವ!"

"ಅದಕ್ಕ ಒಯ್ಯಾಕತ್ತೇನಿ. ಇದರಾಗ ಇನ್ನೊಂದು ಮದಿವಿ ತುಂಬಿದ್ರ ಇವರ ಕತಿ ಪೂರ್ತಿ ಹೋಗ್ತಾವ."

ಅವನು ಕಿತ್ತುಕೊಳ್ಳಲು ಬಂದ. ಇಬ್ಬರೂ ಎಳೆದಾಡಿದರು. ನಾನು ಜಾರಿ ಮೇಜಿನ ಕಾಲಿಗೆ ಬಡಿದೆ. ನನ್ನೊಳಗಿನ ಮುಳ್ಳು ಏನನ್ನೋ ತಾಗಿ ಟಕ್ಕೆಂದಿತು. ಆ ಸದ್ದಿಗೆ ಕಸ್ತೂರಿ ಅಣ್ಣನ ಕಪಾಳಕ್ಕೆ ಹೊಡೆದಳು. ಅಪ್ಪ ಬದುಕಿದ್ದಾಗಲೂ ಆ ಕೋಣೆಯಲ್ಲಿ ಹಾಗಾಗಿರಲಿಲ್ಲ. ಅವಳು ನನ್ನನ್ನು ನೆಲದಿಂದೆತ್ತಿಕೊಂಡು ಹೊರಬಿದ್ದಳು. ಮತ್ತೆ ಆ ಸ್ಟುಡಿಯೊದ ಒಳಗೆ ಕಾಲಿಡಲಿಲ್ಲ.

ಹುಬ್ಬಳ್ಳಿಯಲ್ಲಿ ಕೆಟ್ಟ ಡಿಸ್ಕುಗಳಿಂದ ಕಳೆದುಹೋದದ್ದನ್ನು ತೆಗೆದುಕೊಡುವ ಅಲ್ತಾಫ್ ಎಂಬವನಿದ್ದ. ಅವನು ನನ್ನನ್ನು ಕಿವಿಗೆ ಹಿಡಿದು ಕೇಳಿ, ಮುಖ ಸಿಂಡರಿಸಿದ.

"ಅಳಿಸಿದ್ದು ಅಂದ್ರ ಹೋತು ಅಂತಲ್ಲ ಅಕ್ಕಾರ. ಹೆಸರಷ್ಟ ತಗದಿರತಾರ, ಮಾಲು ಅಲ್ಲೇ ಇರತೈತಿ. ಆದ್ರ ಅದರ ಮ್ಯಾಲೆ ಬ್ಯಾರೆ ಬಂದು ಕುಂತಿದ್ರ ನನ್ನ ಕೈಲೂ ಆಗೂದಿಲ್ಲ. ಮ್ಯಾಲಿಂದ ಇದು ಪೆಟ್ಟ ತಿಂದೈತಿ."

ಮೂರು ಮದುವೆಗಳು ಆಗಲೇ ಬಂದು ಕೂತಿದ್ದವು. ಬೆಕ್ಕಿನ ಕತೆಯ ಮೇಲೆ ಯಾರದೋ ಅರಿಶಿಣ ಶಾಸ್ತ್ರ ಹರಡಿತ್ತು. ಇಲಿಯ ಹೆದರಿಕೆಯ ಜಾಗದಲ್ಲಿ ಊಟದ ಪಂಕ್ತಿ. ಅಲ್ತಾಫ್ ಅಂಗಡಿ ಮುಚ್ಚುವವರೆಗೆ ಕೂತು ಕೆರೆದ. ಹನ್ನೊಂದರಲ್ಲಿ ನಾಲ್ಕು ಕತೆ ಪೂರ್ತಿಯಾಗಿ, ಒಂದು ಬೆರಳೂ ಮುಕ್ಕಾಗದೆ ಹೊರಬಂದವು. ಏಳು ಹೋದವು. ಕಸ್ತೂರಿ ಅಂಗಡಿಯ ಕಟ್ಟೆಯ ಮೇಲೆ ಕೂತು, ಹಾದಿಹೋಕರ ಎದುರೇ ಅತ್ತಳು. ನಡುನಡುವೆ ಅಣ್ಣನಿಗೆ ಬೈಯುತ್ತಿದ್ದಳು. ನನಗೂ ಒಂದೆರಡು ಬಿದ್ದವು. ತಪ್ಪು ನನ್ನದಾಗಿರಲಿಲ್ಲ.

ಮೂರು ಮದುವೆಗಳನ್ನು ಅವಳು ಹೊಸ ಡಿಸ್ಕಿಗೆ ಇದ್ದ ಹಾಗೇ ಇಳಿಸಿ, ಸ್ಟುಡಿಯೊದ ಹೊಸ್ತಿಲಿನ ಆಚೆ ನಿಂತು ಚಾಚಿದಳು. ನಾನು ಅವಳ ಚೀಲದಲ್ಲಿದ್ದೆ.

"ಬಾಗಲದಾಗ ನಿಂತು ದಾನಾ ಮಾಡಾಕ ಬಂದೀ ಏನು?" ಎಂದ ಪ್ರಭುಲಿಂಗ.

"ನಿನ್ನ ಗಿರಾಕಿ ಮಂದಿ ನನಗೇನೂ ಮಾಡಿಲ್ಲ. ಅದಕ್ಕ ತಂದೇನಿ."

ಅವನು ಕಿತ್ತುಕೊಂಡಂತೆ ತೆಗೆದುಕೊಂಡ. ಅಣ್ಣತಂಗಿಯರ ನಡುವೆ ಅದೇ ಕಡೆಯ ಮಾತು.

ಅಲ್ಲಿಂದ ಅವಳು ನೆಟ್ಟಗೆ ಫಕ್ಕೀರಪ್ಪನವರ ಮನೆಗೆ ಹೋದಳು. ಹೋದ ಏಳು ಕತೆಗಳನ್ನು ಇನ್ನೊಮ್ಮೆ ಹೇಳಿ, ನಾನೇ ಹಿಡಿಯುತ್ತೇನೆ, ನಾನೇ ಕಾಯುತ್ತೇನೆ ಎಂದಳು. ಶಿವಲೀಲಾ ಮುಖ ಗಂಟು ಹಾಕಿಕೊಂಡೇ ಅಪ್ಪನಿಗೆ ತಿಳಿಸಿದಳು. ಫಕ್ಕೀರಪ್ಪನವರು ಕಸ್ತೂರಿಯನ್ನು ದಿಟ್ಟಿಸಿ, ಎರಡೂ ಕೈಗಳನ್ನು ಕಂಕುಳಲ್ಲಿ ಸೇರಿಸಿಕೊಂಡರು. ಅವರ ಪಾಲಿಗೆ ಅದು ಬಾಯಿ ಮುಚ್ಚುವುದು. ಅವಳು ಹೊರಡುವವರೆಗೂ ಆ ಕೈ ಹೊರಬರಲಿಲ್ಲ.

"ನಡೀರಿ," ಎಂದಳು ಶಿವಲೀಲಾ. "ಅಪ್ಪನ್ನ ಇನ್ನೊಮ್ಮೆ ನಗಿಪಾಟಲು ಮಾಡಾಕ ನಾ ಬಿಡೂದಿಲ್ಲ."

ಕಸ್ತೂರಿ ಸೋಲಲಿಲ್ಲ, ಬೇಡಿಕೊಳ್ಳಲೂ ಇಲ್ಲ. ಉಳಿದ ನಾಲ್ಕು ಕತೆಗಳನ್ನು ಕೂತು ಸಿದ್ಧ ಮಾಡಿದಳು. ಹೂವಿಲ್ಲ, ಚೌಕಟ್ಟಿಲ್ಲ, ಹಾಡಿಲ್ಲ. ಹಿಡಿದ ಅಳತೆಯಲ್ಲೇ, ಐವತ್ತಕ್ಕೆ ಐವತ್ತು ಚಿತ್ರವನ್ನೂ ಇಟ್ಟು, ಮೂಲದಿಂದ ಒಂದೇ ಸಲ ತೆಗೆದಳು. ತೆಗೆದ ಮೇಲೆ ಮೂಲವನ್ನೂ ಅದನ್ನೂ ಅಕ್ಕಪಕ್ಕ ಇಟ್ಟುಕೊಂಡು ಬೆರಳಿಗೆ ಬೆರಳು ನೋಡಿದಳು. ಫೋನಿಗೆ ಕಳಿಸಿ ಎಂದು ಹೆಡ್‌ಮಿಸ್ಟ್ರೆಸ್ ಮತ್ತೆ ಕೇಳಿದಾಗ, "ಕಳಸೂದಿಲ್ಲ ಮೇಡಂ. ನಾನಾ ತರತೇನಿ," ಎಂದಳು. ಅವರಿಗೆ ಕೋಪ ಬಂತು. ಬರಲಿ ಎಂದು ಬಿಟ್ಟಳು.

ಶಾಲೆಯ ಹಾಲಿನಲ್ಲಿ ನನ್ನನ್ನೇ ಪ್ರೊಜೆಕ್ಟರಿನ ಕಂಪ್ಯೂಟರಿಗೆ ಜೋಡಿಸಿದಳು. ಮಕ್ಕಳು ಹಿಂದಿನ ಸಲ ನಕ್ಕಿದ್ದ ಮಕ್ಕಳೇ. ಫಕ್ಕೀರಪ್ಪನವರು ಬರಲಾರೆನೆಂದಿದ್ದರಂತೆ, ಹಾಸ್ಟೆಲ್ಲಿನ ಹುಡುಗಿಯರು ಮನೆಗೇ ಹೋಗಿ ಎಳೆದು ತಂದಿದ್ದರು. ಕಡೆಯ ಸಾಲಿನಲ್ಲಿ, ಬಾಗಿಲಿನ ಹತ್ತಿರ, ಎದ್ದು ಹೋಗಲು ಅನುಕೂಲವಾಗುವಂತೆ ಕೂತರು.

ನೀಲಿ ಬಟ್ಟೆಯ ಮುಂದೆ ಎರಡು ಕೈ ಎದ್ದವು. ಉಗುರು, ಗೆಣ್ಣು, ಸೀಸದ ಮೊಳೆಯಿಂದಾದ ಹಳೆಯ ಕಲೆ ಎಲ್ಲವೂ ಇದ್ದ ಕೈ. ಮುಂದಿನ ಸಾಲಿನ ಒಬ್ಬ ಹುಡುಗಿ ತನಗೆ ಅರಿವಿಲ್ಲದೆಯೇ ಅದೇ ಸನ್ನೆ ಮಾಡಿದಳು. ಆಮೇಲೆ ಅವಳ ಪಕ್ಕದವಳು, ಆಚೆ ಪಕ್ಕದವನು. ನಾಲ್ಕನೆಯ ಕತೆ ಮುಗಿಯುವಷ್ಟರಲ್ಲಿ ಹಾಲಿನ ತುಂಬ ಕೈಗಳು ಮೇಲೆದ್ದಿದ್ದವು. ಸದ್ದು ಮಾತ್ರ ನನ್ನದೊಂದೇ. ಪೆಟ್ಟು ತಿಂದ ನನ್ನ ಮುಳ್ಳು ಟಕ್ ಟಕ್ ಎನ್ನುತ್ತಿತ್ತು, ಅದು ಆ ಮಕ್ಕಳಾರಿಗೂ ಕೇಳಿಸಲಿಲ್ಲ.

ಫಕ್ಕೀರಪ್ಪನವರು ಎದ್ದು ಕಸ್ತೂರಿಯ ಮುಂದೆ ಬಂದು ನಿಂತು ಕೈಯಾಡಿಸಿದರು. ಶಿವಲೀಲಾ ಹೇಳಿದಳು, "ಇದು ನನ್ನ ಕೈ ಅನ್ನಾಕತ್ತಾನ."

ಕಸ್ತೂರಿಯ ಕಣ್ಣು ತುಂಬಿತು. "ಹಂಗಾದ್ರ ಆ ಏಳು ಕತಿ?"

ಅವರು ತಡಮಾಡದೆ ಉತ್ತರ ಕೊಟ್ಟರು. ಶಿವಲೀಲಾ ಅಪ್ಪನ ಕೈ ನೋಡುತ್ತಲೇ ಅದನ್ನು ಮಾತು ಮಾಡಿದಳು. "ಅವು ಹೋಗಿಲ್ಲ, ನನ್ನ ಹತ್ರ ಅದಾವ ಅಂತಾನ. ನಿಮಗ ಕೊಡೂದಿಲ್ಲ. ಈ ಹುಡುಗ್ರಿಗೆ ತಾನಾ ಬಂದು ಹೇಳ್ತಾನಂತ. ಕ್ಯಾಮೆರಾ ತಗೊಂಡು ಬಂದ್ರ ಹೇಳೂದಿಲ್ಲಂತ."

ಕಸ್ತೂರಿ ತಲೆಯಾಡಿಸಿದಳು. ಅವಳಿಗೆ ನೋವಾಯಿತು, ಆದರೆ ವಾದ ಮಾಡಲಿಲ್ಲ. ಫಕ್ಕೀರಪ್ಪನವರು ಅವಳನ್ನು ಕ್ಷಮಿಸಿದರೆಂದು ಹೇಳಲಾರೆ. ಆ ಸಂಜೆಯೇ ಹಾಲಿನ ನಡುವೆ ಕೂತು ಮಕ್ಕಳಿಗೆ ಬೆಕ್ಕಿನ ಕತೆ ಶುರುಮಾಡಿದರು. ಅವಳು ವೈರು ಸುತ್ತಿಕೊಂಡು, ನನ್ನನ್ನು ಚೀಲಕ್ಕೆ ಹಾಕಿಕೊಂಡು, ಅದನ್ನು ನೋಡದೆ ಹೊರಟಳು.

ಈಗ ಅವಳು ತನ್ನ ಮನೆಯ ಮುಂದಿನ ಕೋಣೆಯಲ್ಲೇ ಕೆಲಸ ಮಾಡುತ್ತಾಳೆ. ಆ ನಾಲ್ಕು ಕತೆಗಳನ್ನು ಇನ್ನೆರಡು ಡಿಸ್ಕುಗಳಿಗೆ ಇದ್ದ ಹಾಗೇ ನಕಲು ಮಾಡಿ, ಒಂದನ್ನು ಶಾಲೆಯಲ್ಲಿಟ್ಟಿದ್ದಾಳೆ. ನನ್ನ ಮುಳ್ಳು ಪೂರಾ ಕೆಟ್ಟಿದೆ. ವೈರು ಹಚ್ಚಿದರೂ ನಾನು ಏಳುವುದಿಲ್ಲ. ಹಳೆಯ ಚಾರ್ಜರುಗಳ ಜೊತೆ ಕಪಾಟಿನ ಕೆಳಗಿನ ಖಾನೆಯಲ್ಲಿ ಬಿದ್ದಿದ್ದೇನೆ.

ಮೊದಲು ನನಗೆ ಆ ಹೊಸ ಡಿಸ್ಕುಗಳನ್ನು ಕಂಡರೂ ಆಗುತ್ತಿರಲಿಲ್ಲ. ನಾನು ಹೊತ್ತದ್ದನ್ನು, ನಾನು ಪೆಟ್ಟು ತಿಂದು ಉಳಿಸಿದ್ದನ್ನು, ಅವು ಮೈ ನೋಯಿಸಿಕೊಳ್ಳದೆ ಪಡೆದಿವೆ. ಹಿಂಡಿ, ಹಿಗ್ಗಿಸಿ ಉಳಿಸಿದರೆ ಕಳೆಯುತ್ತದೆ. ಇದ್ದ ಹಾಗೇ ನಕಲು ಮಾಡಿದರೆ ಒಂದು ಚುಕ್ಕೆಯೂ ಕಳೆಯುವುದಿಲ್ಲ. ಅಂದರೆ ಅವುಗಳಲ್ಲಿರುವ ಕೈ ನನ್ನಲ್ಲಿದ್ದ ಕೈಗಿಂತ ಕೂದಲೆಳೆಯಷ್ಟೂ ಕಡಿಮೆಯಲ್ಲ. ಇದು ಗೊತ್ತಾದ ಮೇಲೆ ನನ್ನನ್ನು ಇಟ್ಟುಕೊಳ್ಳುವುದಕ್ಕೆ ಯಾವ ಕಾರಣವೂ ಉಳಿಯುವುದಿಲ್ಲ. ಕಸ್ತೂರಿ ಆ ಖಾನೆ ತೆರೆದಾಗಲೆಲ್ಲ ನನ್ನನ್ನು ಎತ್ತಿ ಗುಜರಿ ಚೀಲದ ಕಡೆ ನೋಡುತ್ತಾಳೆ. ಅವಳು ಹಾಕಲಿ. ನನ್ನೊಳಗೆ ಈಗ ಕಾಯಬೇಕಾದದ್ದು ಏನೂ ಇಲ್ಲ.